ಟ್ರೇನರ್ ಆಗಬೇಕು, ಅನಾಟಮಿ ಎಲ್ಲಿಂದ ಶುರು ಮಾಡಲಿ?

ಹಾಸನದ_ಹುಡುಗ

ಎಲ್ಲರಿಗೂ ನಮಸ್ಕಾರ. ಬಿ.ಕಾಂ ಮುಗಿಸಿ ಈಗ ಬೆಂಗಳೂರಿನ ಒಂದು ಜಿಮ್‌ನಲ್ಲಿ ಫ್ಲೋರ್ ಟ್ರೇನರ್ ಆಗಿದ್ದೇನೆ. ಪರ್ಸನಲ್ ಟ್ರೇನರ್ ಸರ್ಟಿಫಿಕೇಟ್ ಪರೀಕ್ಷೆಗೆ ಓದುತ್ತಿದ್ದೇನೆ. ಪುಸ್ತಕ ಪೂರ್ತಿ ಇಂಗ್ಲಿಷ್, ಅದನ್ನು ಹೇಗೋ ನಿಭಾಯಿಸುತ್ತೇನೆ. ತೊಂದರೆ ಬೇರೆ. ಮೈಯಲ್ಲಿ 206 ಮೂಳೆ, 600ಕ್ಕೂ ಜಾಸ್ತಿ ಸ್ನಾಯು. ಒಂದೊಂದು ಸ್ನಾಯು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಯಾವ ನರ ಬರುತ್ತದೆ ಅಂತ ಉದ್ದದ ಪಟ್ಟಿ. ರಾತ್ರಿ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ತಲೆಯಲ್ಲಿ ಇರುವುದಿಲ್ಲ.

ಮೊನ್ನೆ ಒಬ್ಬರು ಮೆಂಬರ್ ಕೇಳಿದರು: "ನಿಂತು ಹಿಮ್ಮಡಿ ಎತ್ತುವ ಕಾಫ್ ರೈಸ್ ಇದೆ, ಕೂತು ಮಾಡುವುದೂ ಇದೆ. ಎರಡೂ ಮೀನಖಂಡಕ್ಕೇ ಅಲ್ವಾ? ಮತ್ತೆ ಎರಡು ಯಾಕೆ?" ಗ್ಯಾಸ್ಟ್ರೊಕ್ನೀಮಿಯಸ್, ಸೋಲಿಯಸ್ ಅನ್ನುವ ಹೆಸರು ಪಟ್ಟಿಯಲ್ಲಿ ಓದಿದ್ದೇನೆ. ಆದರೆ ಅವರಿಗೆ ಏನು ಹೇಳಬೇಕು ಅಂತ ಹೊಳೆಯಲಿಲ್ಲ. ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ, ಯಾವುದನ್ನು ಮೊದಲು ಓದಬೇಕು? ಎಷ್ಟು ಓದಿದರೆ ಸಾಕು?

ಫಿಸಿಯೋ_ಹುಬ್ಬಳ್ಳಿ

ಒಳ್ಳೆಯ ಪ್ರಶ್ನೆ. ನಿಮ್ಮ ಮೆಂಬರ್ ಕೇಳಿದ್ದು ಇನ್ನೂ ಒಳ್ಳೆಯ ಪ್ರಶ್ನೆ. ಅದರಿಂದಲೇ ಶುರು ಮಾಡೋಣ.

ಪಟ್ಟಿ ಪಕ್ಕಕ್ಕಿಡಿ. ಮೊದಲು ಕೀಲುಗಳನ್ನು ಕಲಿಯಿರಿ. ಭುಜ, ಮೊಣಕೈ, ಬೆನ್ನುಮೂಳೆಯ ಸಾಲು, ಸೊಂಟದ ಕೀಲು, ಮಂಡಿ, ಪಾದದ ಕೀಲು. ಶುರುವಿಗೆ ಇವು ಸಾಕು. ಪ್ರತಿ ಕೀಲೂ ಯಾವ ದಿಕ್ಕಿಗೆ ಅಲ್ಲಾಡುತ್ತದೆ, ಯಾವ ದಿಕ್ಕಿಗೆ ಅಲ್ಲಾಡುವುದಿಲ್ಲ ಅಂತ ನೋಡಿ. ಸೊಂಟ ಮತ್ತು ಭುಜದ್ದು ಗುಂಡು-ಗುಳಿಯ ಕೀಲು, ಎಲ್ಲ ದಿಕ್ಕಿಗೂ ತಿರುಗುತ್ತದೆ. ಮಂಡಿ ಮುಖ್ಯವಾಗಿ ಮಡಚುತ್ತದೆ, ಚಾಚುತ್ತದೆ. ಮಡಚಿದಾಗ ಮಾತ್ರ ಸ್ವಲ್ಪ ತಿರುಗುತ್ತದೆ.

ಆಮೇಲೆ ಪ್ರತಿ ಸ್ನಾಯುವಿನ ಬಗ್ಗೆ ಎರಡೇ ಪ್ರಶ್ನೆ ಕೇಳಿ. ಇದು ಯಾವ ಯಾವ ಕೀಲನ್ನು ದಾಟುತ್ತದೆ? ಕೀಲಿನ ಯಾವ ಕಡೆಯಿಂದ ದಾಟುತ್ತದೆ? ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ಹಾಗಾಗಿ ಯಾವ ಕಡೆಯಿಂದ ದಾಟುತ್ತದೆ ಅಂತ ಗೊತ್ತಾದರೆ ಏನು ಕೆಲಸ ಮಾಡುತ್ತದೆ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಅದನ್ನು ಬೇರೆಯಾಗಿ ಉರುಹೊಡೆಯಬೇಕಾಗಿಲ್ಲ.

ಈಗ ಮೀನಖಂಡ. ಗ್ಯಾಸ್ಟ್ರೊಕ್ನೀಮಿಯಸ್ ತೊಡೆಮೂಳೆಯ ಕೆಳತುದಿಯಿಂದ ಹೊರಟು ಮಂಡಿಯನ್ನೂ ಪಾದದ ಕೀಲನ್ನೂ ದಾಟುತ್ತದೆ. ಅದರ ಅಡಿಯಲ್ಲಿರುವ ಸೋಲಿಯಸ್ ಮಂಡಿಯ ಕೆಳಗೆ ಶುರುವಾಗುತ್ತದೆ, ಪಾದದ ಕೀಲನ್ನು ಮಾತ್ರ ದಾಟುತ್ತದೆ. ಕೂತು ಮಂಡಿ ಮಡಚಿದರೆ ಗ್ಯಾಸ್ಟ್ರೊಕ್ನೀಮಿಯಸ್ ಸಡಿಲವಾಗುತ್ತದೆ. ಸಡಿಲವಾದ ಸ್ನಾಯು ಗಟ್ಟಿಯಾಗಿ ಎಳೆಯಲಾರದು. ಹೆಚ್ಚಿನ ಭಾರ ಸೋಲಿಯಸ್‌ಗೆ ಹೋಗುತ್ತದೆ. ಮಂಡಿ ನೇರ ಮಾಡಿ ನಿಂತರೆ ಎರಡೂ ದುಡಿಯುತ್ತವೆ. ನಿಮ್ಮ ಮೆಂಬರ್‌ಗೆ ಇಷ್ಟು ಹೇಳಿದರೆ ಸಾಕು.

ತೊಡೆಯ ಹಿಂಭಾಗದಲ್ಲೂ ಇದೇ ಲೆಕ್ಕ. ಹ್ಯಾಮ್‌ಸ್ಟ್ರಿಂಗ್ ಅನ್ನುವುದು ಮೂರು ಸ್ನಾಯುಗಳ ಗುಂಪು. ಅದರಲ್ಲಿ ಒಂದಾದ ಬೈಸೆಪ್ಸ್ ಫೆಮೋರಿಸ್‌ನ ಚಿಕ್ಕ ತಲೆ (ಸ್ನಾಯು ಶುರುವಾಗುವ ಕವಲು) ಒಂದನ್ನು ಬಿಟ್ಟರೆ ಉಳಿದವೆಲ್ಲ ಸೊಂಟವನ್ನೂ ಮಂಡಿಯನ್ನೂ ದಾಟುತ್ತವೆ. ಕೂತು ಲೆಗ್ ಕರ್ಲ್ (ಭಾರದ ಎದುರು ಮಂಡಿ ಮಡಚುವುದು) ಮಾಡಿದಾಗ ಸೊಂಟ ಮಡಚಿರುತ್ತದೆ, ಆದ್ದರಿಂದ ಅವು ಎಳೆದುಕೊಂಡ ಸ್ಥಿತಿಯಲ್ಲಿ ಕೆಲಸ ಮಾಡುತ್ತವೆ. ಜಪಾನಿನ ಸಂಶೋಧಕರು 2021ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಬ್ಬರದೇ ಒಂದು ಕಾಲಿಗೆ ಕೂತು ಕರ್ಲ್, ಇನ್ನೊಂದು ಕಾಲಿಗೆ ಬೋರಲು ಮಲಗಿ ಕರ್ಲ್, 12 ವಾರ. ಕೂತು ಮಾಡಿದ ಕಾಲಿನಲ್ಲಿ ಇಡೀ ಗುಂಪು ಸುಮಾರು 14% ಬೆಳೆಯಿತು, ಮಲಗಿ ಮಾಡಿದ್ದರಲ್ಲಿ 9%. ಸೊಂಟ ದಾಟದ ಆ ಚಿಕ್ಕ ತಲೆ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಬೆಳೆಯಿತು. ಯಾವ ಕೀಲು ದಾಟುತ್ತದೆ ಅನ್ನುವ ಒಂದೇ ಪ್ರಶ್ನೆ ಎಲ್ಲಿವರೆಗೆ ಕರೆದುಕೊಂಡು ಹೋಗುತ್ತದೆ ನೋಡಿ.

ಗರಡಿ_ಮೈಸೂರು

ಫಿಸಿಯೋ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತಮ್ಮಾ, ಚಿತ್ರ ನೋಡಿ ಕಲಿಯಬೇಡ, ಕೈ ಇಟ್ಟು ಕಲಿ. ಮೊಣಕೈ ಮಡಚಿ ಇನ್ನೊಂದು ಕೈಯ ಬೆರಳನ್ನು ಬೈಸೆಪ್ಸ್ ಮೇಲೆ ಇಡು. ಅಂಗೈಯನ್ನು ಕೆಳಗೆ ಮಾಡು, ಆಮೇಲೆ ಮೇಲಕ್ಕೆ ತಿರುಗಿಸು. ಸ್ನಾಯು ಉಬ್ಬುವುದು ಬೆರಳಿಗೆ ಸಿಗುತ್ತದೆ. ಬೈಸೆಪ್ಸ್ ಬರೀ ಮೊಣಕೈ ಮಡಚುವುದಿಲ್ಲ, ಮುಂಗೈಯನ್ನೂ ತಿರುಗಿಸುತ್ತದೆ. ಅಂಗೈ ಒಳಮುಖವಾಗಿ ಹಿಡಿದು ಮಾಡುವ ಹ್ಯಾಮರ್ ಕರ್ಲ್ ಯಾಕೆ ಬೇರೆ ಅನ್ನಿಸುತ್ತದೆ ಅಂತ ಇದರಿಂದ ತಿಳಿಯುತ್ತದೆ.

ನಾನು ಗರಡಿಯಲ್ಲಿ ಸಾಮು ಮಾಡಿ ಬೆಳೆದವನು, ಈಗ ಜಿಮ್‌ನಲ್ಲಿ ಕಲಿಸುತ್ತೇನೆ. ಒಂದು ಮಾತು ನನಗೆ ಒಪ್ಪಿಗೆಯಾಗುವುದೇ ಇಲ್ಲ. ಸ್ಕ್ವಾಟ್‌ನಲ್ಲಿ ಮಂಡಿ ಕಾಲ್ಬೆರಳು ದಾಟಬಾರದು ಅಂತ ಎಲ್ಲ ಕಡೆ ಹೇಳುತ್ತಾರೆ. ನಮ್ಮಲ್ಲಿ ಬಸ್ಕಿ ಹೊಡೆಯುವಾಗ ಹಿಮ್ಮಡಿ ಎತ್ತಿ, ಮಂಡಿ ಪೂರ್ತಿ ಮುಂದೆ ಹೋಗುತ್ತದೆ. ಮಟ್ಟಿಯಲ್ಲಿ ಎಷ್ಟೋ ಪೈಲ್ವಾನರು ಹಾಗೆ ಮಾಡಿಕೊಂಡೇ ಬಂದಿದ್ದಾರೆ. ಇದಕ್ಕೆ ವಿಜ್ಞಾನ ಏನು ಹೇಳುತ್ತದೆ ಸರ್?

ಫಿಸಿಯೋ_ಹುಬ್ಬಳ್ಳಿ

@ಗರಡಿ_ಮೈಸೂರು ಅಣ್ಣಾ, 2003ರಲ್ಲಿ ಇದನ್ನೇ ಅಳೆದು ನೋಡಿದ್ದಾರೆ. ಬಾರ್‌ಬೆಲ್ ಸ್ಕ್ವಾಟ್ ಮಾಡುವವರ ಮಂಡಿಯ ಮುಂದೆ ಹಲಗೆ ನಿಲ್ಲಿಸಿದರು, ಬೆರಳು ದಾಟಬಾರದು ಅಂತ. ಮಂಡಿಯ ಮೇಲಿನ ತಿರುಗುಬಲ (ಟಾರ್ಕ್) ಸುಮಾರು 150ರಿಂದ 117 ನ್ಯೂಟನ್-ಮೀಟರ್‌ಗೆ ಇಳಿಯಿತು. ಆದರೆ ಸೊಂಟದ ಮೇಲಿನದು ಸುಮಾರು 28ರಿಂದ 303ಕ್ಕೆ ಏರಿತು. ಮಂಡಿ ಮುಂದೆ ಹೋಗದಿದ್ದರೆ ಮೈ ಮುಂದಕ್ಕೆ ಬಾಗಲೇಬೇಕು, ಇಲ್ಲದಿದ್ದರೆ ಹಿಂದಕ್ಕೆ ಬೀಳುತ್ತೇವೆ. ಅಂದರೆ ಭಾರ ಎಲ್ಲೂ ಮಾಯವಾಗುವುದಿಲ್ಲ, ಒಂದು ಕೀಲಿನಿಂದ ಇನ್ನೊಂದಕ್ಕೆ ಹೋಗುತ್ತದೆ.

ಮಂಡಿ ನೋವಿನ ಕ್ಲೈಂಟ್‌ಗೆ ಸ್ವಲ್ಪ ಕಾಲ ಹಿಂದಕ್ಕೆ ಕೂರುವ ಸ್ಕ್ವಾಟ್ ಕೊಡುವುದು ಸರಿ. ಎಲ್ಲರಿಗೂ ಅದನ್ನೇ ನಿಯಮ ಮಾಡುವುದು ಸರಿಯಲ್ಲ. ತೊಡೆಮೂಳೆ ಉದ್ದ ಇರುವವರು ಹೇಗೂ ಜಾಸ್ತಿ ಬಾಗುತ್ತಾರೆ. ಅವರ ಮಂಡಿಯನ್ನೂ ತಡೆದರೆ ಪಾಪ ಬೆನ್ನಿನ ಗತಿ ಏನು? ಬಸ್ಕಿಯ ವಿಷಯಕ್ಕೆ ಬಂದರೆ, ಪೈಲ್ವಾನರು ಸಣ್ಣ ವಯಸ್ಸಿನಿಂದ ನಿಧಾನವಾಗಿ ಎಣಿಕೆ ಏರಿಸಿಕೊಂಡು ಹೋಗುತ್ತಾರೆ. ಕೀಲಿಗೆ ಒಗ್ಗಿಕೊಳ್ಳಲು ಸಮಯ ಸಿಕ್ಕಿರುತ್ತದೆ. ಇಡೀ ದಿನ ಕುರ್ಚಿಯಲ್ಲಿ ಕೂರುವವರಿಗೆ ಮೊದಲ ದಿನವೇ 200 ಬಸ್ಕಿ ಹೊಡೆಸಿದರೆ ಕಥೆ ಬೇರೆ.

ಹಾಸನದ_ಹುಡುಗ

ತುಂಬಾ ಥ್ಯಾಂಕ್ಸ್ ಸರ್, ಅಣ್ಣಾ. ಕಾಫ್ ರೈಸ್ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ ಆ ಮೆಂಬರ್‌ಗೆ ಹೇಳಿದೆ, ಅವರಿಗೂ ಖುಷಿ ಆಯಿತು.

ಈ ತಿರುಗುಬಲ ಅನ್ನುವುದು ಇನ್ನೂ ಸರಿಯಾಗಿ ಹಿಡಿತಕ್ಕೆ ಬಂದಿಲ್ಲ. ಅದೇ ಡಂಬೆಲ್ ಕೆಲವು ಕಡೆ ಹಗುರ, ಕೆಲವು ಕಡೆ ಭಾರ ಅನ್ನಿಸುವುದು ಇದರಿಂದಲೇನಾ? ಇನ್ನೊಂದು: ಕರ್ಲ್‌ನಲ್ಲಿ ಮೇಲೆತ್ತುವಾಗ ಬೈಸೆಪ್ಸ್, ಕೆಳಗಿಳಿಸುವಾಗ ಟ್ರೈಸೆಪ್ಸ್ ಅಂತ ನಮ್ಮ ಜಿಮ್‌ನಲ್ಲಿ ಒಬ್ಬರು ಹೇಳುತ್ತಾರೆ. ಸರಿನಾ?

ಫಿಸಿಯೋ_ಹುಬ್ಬಳ್ಳಿ

ಸರಿಯಲ್ಲ. ಡಂಬೆಲ್ ಯಾವಾಗಲೂ ನೆಲದ ಕಡೆಗೇ ಎಳೆಯುತ್ತದೆ. ಇಳಿಸುವಾಗಲೂ ಅದನ್ನು ತಡೆದು ನಿಧಾನವಾಗಿ ಬಿಡುವುದು ಬೈಸೆಪ್ಸ್. ಎತ್ತುವಾಗ ಗಿಡ್ಡವಾಗುತ್ತಾ ದುಡಿಯುತ್ತದೆ, ಇದು ಕಾನ್ಸೆಂಟ್ರಿಕ್. ಇಳಿಸುವಾಗ ಉದ್ದವಾಗುತ್ತಾ ದುಡಿಯುತ್ತದೆ, ಇದು ಎಕ್ಸೆಂಟ್ರಿಕ್. ಹಿಡಿದು ನಿಲ್ಲಿಸಿದರೆ ಐಸೋಮೆಟ್ರಿಕ್. ಸ್ನಾಯು ಬದಲಾಗಬೇಕಾದರೆ ಭಾರದ ದಿಕ್ಕು ಬದಲಾಗಬೇಕು. ಆದ್ದರಿಂದ ನಾನು ಮೊದಲು ಹೇಳಿದ ಎರಡು ಪ್ರಶ್ನೆಗೆ ಮೂರನೆಯದನ್ನು ಸೇರಿಸಿಕೊಳ್ಳಿ: ಭಾರ ಯಾವ ಕಡೆಗೆ ಎಳೆಯುತ್ತಿದೆ?

ಹಗುರ, ಭಾರದ ವಿಷಯ. ಹೌದು, ಅದು ತಿರುಗುಬಲದಿಂದಲೇ. ಭಾರವನ್ನು, ಕೀಲಿನಿಂದ ಭಾರ ಎಳೆಯುವ ಗೆರೆಗೆ ಇರುವ ಅಡ್ಡ ದೂರದಿಂದ ಗುಣಿಸಿದರೆ ಬರುವುದೇ ತಿರುಗುಬಲ. ಆ ದೂರ ಜಾಸ್ತಿಯಾದಷ್ಟೂ ಕಷ್ಟ. ಕರ್ಲ್‌ನಲ್ಲಿ ಮುಂಗೈ ನೆಲಕ್ಕೆ ಸಮಾನಾಂತರ ಬಂದಾಗ ಆ ದೂರ ಅತಿ ಹೆಚ್ಚು. ಒಂದು ಅಂದಾಜು ಲೆಕ್ಕ ಮಾಡೋಣ. ಬೈಸೆಪ್ಸ್ ಮೊಣಕೈಯಿಂದ ಸುಮಾರು 5 ಸೆಂ.ಮೀ. ದೂರದಲ್ಲಿ ಮೂಳೆಗೆ ಅಂಟಿದೆ ಅಂದುಕೊಳ್ಳಿ. ಕೈಯಲ್ಲಿರುವ ಡಂಬೆಲ್ 35 ಸೆಂ.ಮೀ. ದೂರದಲ್ಲಿದೆ. ಅಂದರೆ 7 ಪಟ್ಟು. 10 ಕೆ.ಜಿ. ಹಿಡಿದು ನಿಲ್ಲಿಸಲು ಮೊಣಕೈ ಮಡಚುವ ಸ್ನಾಯುಗಳೆಲ್ಲ ಸೇರಿ ಸುಮಾರು 70 ಕೆ.ಜಿ.ಯಷ್ಟು ಬಲದಿಂದ ಎಳೆಯಬೇಕು. ಮುಂಗೈಯ ತೂಕ ಇನ್ನೂ ಸೇರಿಸಿಲ್ಲ. ಕೈಯನ್ನು ಪಕ್ಕಕ್ಕೆ ಎತ್ತುವ ಲ್ಯಾಟರಲ್ ರೈಸ್‌ನಲ್ಲಿ ಇಡೀ ಕೈಯ ಉದ್ದವೇ ಆ ದೂರವಾಗುತ್ತದೆ. ಅದಕ್ಕೇ 5 ಕೆ.ಜಿ.ಗೇ ಭುಜ ಉರಿಯುತ್ತದೆ. ಕ್ಲೈಂಟ್‌ಗೆ ಕಷ್ಟವಾದರೆ ಡಂಬೆಲ್ ಬದಲಿಸುವ ಮೊದಲು ಮೊಣಕೈ ಸ್ವಲ್ಪ ಮಡಚಿಸಿ ನೋಡಿ.

ಪಿಟಿ_ಮೇಷ್ಟ್ರು

ನಾನು ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಅನಾಟಮಿ ಚೆನ್ನಾಗಿ ನಡೆಯುತ್ತಿದೆ. ಶಕ್ತಿ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಹುಡುಗ ಓದಿಕೊಳ್ಳಬೇಕು. ಸ್ನಾಯುವಿನ ನೇರ ಇಂಧನ ಎಟಿಪಿ. ಅದನ್ನು ತುಂಬಲು ಮೂರು ದಾರಿ. ಮೊದಲ ಸುಮಾರು 10 ಸೆಕೆಂಡು ಪೂರ್ತಿ ಜೋರಿನ ಕೆಲಸಕ್ಕೆ ಕ್ರಿಯೇಟಿನ್ ಫಾಸ್ಫೇಟ್. ಅಲ್ಲಿಂದ ಒಂದೆರಡು ನಿಮಿಷದವರೆಗೆ ಗ್ಲೈಕಾಲಿಸಿಸ್‌ದೇ (ಆಮ್ಲಜನಕಕ್ಕೆ ಕಾಯದೆ ಸಕ್ಕರೆ ಒಡೆಯುವುದು) ದೊಡ್ಡ ಪಾಲು. ಅದಕ್ಕಿಂತ ಉದ್ದದ ಕೆಲಸಕ್ಕೆ ಆಮ್ಲಜನಕದ ದಾರಿ. ಮೂರೂ ಯಾವಾಗಲೂ ಒಟ್ಟಿಗೆ ನಡೆಯುತ್ತಿರುತ್ತವೆ, ಪಾಲು ಮಾತ್ರ ಬದಲಾಗುತ್ತದೆ. ಭಾರೀ ಸೆಟ್ ಆದ ಮೇಲೆ 3 ನಿಮಿಷ ಕೂರಿಸುವುದು ಸೋಮಾರಿತನ ಅಲ್ಲ. ಖಾಲಿಯಾದ ಕ್ರಿಯೇಟಿನ್ ಫಾಸ್ಫೇಟ್ ಹೆಚ್ಚುಕಡಿಮೆ ತುಂಬಲು ಅಷ್ಟು ಹೊತ್ತು ಬೇಕು.

ಮಾರನೆಯ ದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ ಅಂತ ಈಗಲೂ ಹೇಳುವವರಿದ್ದಾರೆ. ವ್ಯಾಯಾಮ ನಿಲ್ಲಿಸಿದ ಸುಮಾರು ಒಂದು ಗಂಟೆಯಲ್ಲಿ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ನೋವು ಜೋರಾಗುವುದು 24ರಿಂದ 72 ಗಂಟೆಯೊಳಗೆ. ಎರಡಕ್ಕೂ ಹೊಂದುವುದಿಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದವರನ್ನು ಕೇಳಿ. ಏದುಸಿರು ಬರುವುದು ಹತ್ತುವಾಗ. ಆದರೆ ಮಾರನೆಯ ದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದಕ್ಕೆ. ಇಳಿಯುವಾಗ ತೊಡೆಯ ಮುಂಭಾಗ ಉದ್ದವಾಗುತ್ತಾ ಮೈಯ ಭಾರ ತಡೆಯುತ್ತದೆ. ಮೇಲೆ ಹೇಳಿದ ಎಕ್ಸೆಂಟ್ರಿಕ್ ಕೆಲಸ ಅದೇ. ಅಭ್ಯಾಸವಿಲ್ಲದ ಎಕ್ಸೆಂಟ್ರಿಕ್ ಕೆಲಸವೇ ಈ ನೋವಿನ ಮುಖ್ಯ ಕಾರಣ.

ಕರಾವಳಿ_ಅಕ್ಕ

ಮೇಷ್ಟ್ರೇ, ಆ ನೋವಿನ ವಿಷಯಕ್ಕೆ ಒಂದು ಎಚ್ಚರಿಕೆ ಸೇರಿಸಿ. ಹೊಸಬರಿಗೆ ಮೊದಲ ದಿನವೇ ಮಿತಿ ಮೀರಿ ಮಾಡಿಸಿದರೆ ಸ್ನಾಯು ಒಡೆದು ಅದರೊಳಗಿನ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ. ರ‍್ಯಾಬ್ಡೋಮಯೋಲಿಸಿಸ್ ಅಂತ ಇದಕ್ಕೆ ಹೆಸರು. ಕಿಡ್ನಿಗೆ ಅಪಾಯ. ಕಡು ಕಂದು ಬಣ್ಣದ ಮೂತ್ರ, ಊತ, ತಡೆಯಲಾರದ ನೋವು ಅಂತ ಕ್ಲೈಂಟ್ ಫೋನ್ ಮಾಡಿದರೆ "ನಾಳೆ ಸರಿಹೋಗುತ್ತದೆ" ಅನ್ನಬಾರದು. ಆಗಲೇ ಆಸ್ಪತ್ರೆಗೆ ಕಳಿಸಬೇಕು.

ನಾನು ಮಂಗಳೂರಿನಲ್ಲಿ ಹೆಂಗಸರ ಬ್ಯಾಚ್ ನಡೆಸುತ್ತೇನೆ. ಹೆಚ್ಚಿನವರು 45 ದಾಟಿದವರು. ಬಿಪಿ, ಸಕ್ಕರೆ, ಮಂಡಿನೋವು ಇಲ್ಲದವರು ಕಡಿಮೆ. ಪರೀಕ್ಷೆಗೆ ಓದುವ ಹುಡುಗರು ಸ್ನಾಯುವಿನ ಅಧ್ಯಾಯಕ್ಕೆ ಕೊಡುವ ಸಮಯದ ಅರ್ಧವನ್ನಾದರೂ ಹೃದಯದ ಅಧ್ಯಾಯಕ್ಕೆ ಕೊಡಬೇಕು ಮಾರಾಯ್ರೆ.

ಹೃದಯ ಅತಿ ಹೆಚ್ಚೆಂದರೆ ಎಷ್ಟು ಬಡಿಯಬಹುದು ಅಂತ ಅಂದಾಜಿಸಲು 220ರಿಂದ ವಯಸ್ಸು ಕಳೆಯುವ ಸೂತ್ರವನ್ನೇ ತೆಗೆದುಕೊಳ್ಳಿ. 65 ವರ್ಷದವರಿಗೆ ಅದು ನಿಮಿಷಕ್ಕೆ 155 ಬಡಿತ ಅನ್ನುತ್ತದೆ. 2001ರಲ್ಲಿ ಬಂದ ಇನ್ನೊಂದು ಸೂತ್ರದಲ್ಲಿ 208ರಿಂದ ವಯಸ್ಸಿನ 0.7 ಪಟ್ಟು ಕಳೆಯಬೇಕು, ಆಗ 162.5 ಬರುತ್ತದೆ. ಎರಡೂ ಸರಾಸರಿಗಳೇ. ಒಬ್ಬೊಬ್ಬರಲ್ಲಿ 10-12 ಬಡಿತ ಆಚೀಚೆ ಆಗುವುದು ಸಾಮಾನ್ಯ. ಇನ್ನು ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಎರಡು ಸೂತ್ರವೂ ಉಪಯೋಗವಿಲ್ಲ. ಆ ಮಾತ್ರೆ ಹೃದಯದ ಬಡಿತವನ್ನೇ ಕಟ್ಟಿಹಾಕುತ್ತದೆ. ವಾಚ್ ನೋಡಿ "ಇನ್ನೂ ಜೋರು" ಅಂತ ಓಡಿಸಿದರೆ ಅನಾಹುತ. ಅವರನ್ನು ಮಾತಾಡಿಸಿ. ಪೂರ್ತಿ ವಾಕ್ಯ ಹೇಳಲು ಆಗುತ್ತಿದೆಯಾ, ಒಂದೆರಡು ಪದಕ್ಕೇ ಉಸಿರು ಸಾಲುತ್ತಿಲ್ಲವಾ ಅಂತ ನೋಡಿದರೆ ಜೋರು ಗೊತ್ತಾಗುತ್ತದೆ.

ಉಸಿರು ಕಟ್ಟಿ ಎತ್ತುವುದೂ ಹಾಗೆಯೇ. 1985ರಲ್ಲಿ ಬಾಡಿಬಿಲ್ಡರ್‌ಗಳ ರಕ್ತನಾಳದೊಳಗೇ ಮಾಪಕ ಇಟ್ಟು, ಎರಡೂ ಕಾಲಿನ ಲೆಗ್ ಪ್ರೆಸ್ ಮಾಡಿಸಿ ಬಿಪಿ ಅಳೆದಿದ್ದರು. ಸರಾಸರಿ 320/250 ಬಂತು. ಆರೋಗ್ಯವಂತ ಯುವಕರಲ್ಲಿ ಅಷ್ಟು! ಬಿಪಿ ಇರುವ ಅಮ್ಮಂದಿರಿಗೆ ಎತ್ತುವಾಗ ಉಸಿರು ಬಿಡುವುದನ್ನು ನಾನು ಮೊದಲ ವಾರದಲ್ಲೇ ಕಲಿಸುತ್ತೇನೆ, ತೂಕ ಕೊಡುವುದು ಆಮೇಲೆ.

ವಿಜಯಪುರ_ಬಲ

ಎಲ್ಲ ಸರಿ, ಆದರೆ ಇಷ್ಟೆಲ್ಲ ಓದಿದವರಿಗಿಂತ ಹತ್ತು ವರ್ಷ ಕಬ್ಬಿಣ ಎತ್ತಿದವರು ಚೆನ್ನಾಗಿ ಕಲಿಸುತ್ತಾರೆ ಅನ್ನುವುದು ನನ್ನ ಅನುಭವ. ಜನ ಟ್ರೇನರ್ ಮೈಕಟ್ಟು ನೋಡಿ ಹಣ ಕೊಡುತ್ತಾರೆ. ಸೋಲಿಯಸ್ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ.

ಗರಡಿ_ಮೈಸೂರು

@ವಿಜಯಪುರ_ಬಲ ಅಣ್ಣಾ, ನಾನೂ ಅನುಭವದಿಂದಲೇ ಬಂದವನು. ಆದರೆ ನಮ್ಮ ಅನುಭವ ನಮ್ಮ ಮೈಯದು. ನನ್ನ ಭುಜಕ್ಕೆ ಒಗ್ಗಿದ್ದು 50 ವರ್ಷದ ಬ್ಯಾಂಕ್ ಮ್ಯಾನೇಜರ್ ಭುಜಕ್ಕೆ ಒಗ್ಗಬೇಕು ಅಂತ ಎಲ್ಲಿದೆ? 2021ರ ಅಕ್ಟೋಬರ್‌ನಲ್ಲಿ ಅಪ್ಪು ಸರ್ ತೀರಿಕೊಂಡಾಗ ಜನ ಎಷ್ಟು ಹೆದರಿದ್ದರು ನೆನಪಿದೆ ಅಲ್ವಾ? ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಸಾಲು ನಿಂತಿತ್ತು. ನಮ್ಮ ಮೆಂಬರ್‌ಗಳು ಬಂದು "ಜಿಮ್ ಮಾಡಬಹುದಾ, ಬಿಡಬೇಕಾ" ಅಂತ ಕೇಳುತ್ತಿದ್ದರು. ಆ ಪ್ರಶ್ನೆಗೆ ಮೈಕಟ್ಟು ಉತ್ತರ ಕೊಡುವುದಿಲ್ಲ.

ಕರಾವಳಿ_ಅಕ್ಕ

ಗರಡಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೇ ಸೇರಿಸಿಕೊಳ್ಳುವ ಮೊದಲು ಪ್ರಶ್ನೆ ಕೇಳಬೇಕು. ಪಾರ್-ಕ್ಯೂ ಪ್ಲಸ್ ಅನ್ನುವ ಫಾರ್ಮ್‌ನಲ್ಲಿ ಮೊದಲ ಪುಟಕ್ಕೆ 7 ಪ್ರಶ್ನೆ. ಹೃದಯದ ಕಾಯಿಲೆ ಅಥವಾ ಬಿಪಿ ಇದೆ ಅಂತ ವೈದ್ಯರು ಹೇಳಿದ್ದಾರಾ, ಎದೆನೋವು ಬರುತ್ತದಾ, ತಲೆಸುತ್ತು ಬಂದು ಪ್ರಜ್ಞೆ ತಪ್ಪಿದ್ದುಂಟಾ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಈ ಥರ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆಯಿಂದ ಹೋಗಿದ್ದಾರಾ ಅಂತ ನಾನು ಬೇರೆಯಾಗಿ ಕೇಳುತ್ತೇನೆ. ಸುಮ್ನೆ ಸಹಿ ಹಾಕಿಸಿ ಫೈಲ್‌ಗೆ ಸೇರಿಸುವುದಲ್ಲ, ಎದುರು ಕೂತು ಕೇಳುವುದು. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಶುರು ಮಾಡುವ ಮೊದಲು ಸಕ್ಕರೆ ಎಷ್ಟಿದೆ ಅಂತ ನೋಡಿಸುತ್ತೇನೆ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಶುರು. ಬ್ಯಾಗ್‌ನಲ್ಲಿ ಗ್ಲೂಕೋಸ್ ಇರಲೇಬೇಕು.

ಹಾಗೇ ಸಿಪಿಆರ್ ಕಲಿಯಿರಿ. ಕುಸಿದು ಬಿದ್ದವರು ಅಲ್ಲಾಡುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಅಂದರೆ ಒಬ್ಬರು 108ಕ್ಕೆ ಫೋನ್, ಇನ್ನೊಬ್ಬರು ಎದೆ ಒತ್ತುವುದು. ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಇದು ಓದಿ ಬರುವುದಿಲ್ಲ, ಬೊಂಬೆಯ ಮೇಲೆ ಕೈಯಿಟ್ಟು ಕಲಿಯಬೇಕು.

ವಿಜಯಪುರ_ಬಲ

ಅಕ್ಕಾ, ಅಣ್ಣಾ, ಒಪ್ಪಿದೆ. ಸಿಪಿಆರ್ ನಮ್ಮ ಜಿಮ್‌ನಲ್ಲಿ ಯಾರಿಗೂ ಬರುವುದಿಲ್ಲ. ಈ ತಿಂಗಳೇ ಎಲ್ಲರಿಗೂ ಕಲಿಸುವ ವ್ಯವಸ್ಥೆ ಮಾಡುತ್ತೇನೆ. ಒಂದು ಕೇಳಬೇಕಿತ್ತು. ತೋಳು ದಪ್ಪವಾಗುತ್ತದೆ ಅಂತ ಹೆಂಗಸರು ಭಾರ ಮುಟ್ಟುವುದೇ ಇಲ್ಲ, 2 ಕೆ.ಜಿ.ಯಲ್ಲೇ ಮಾಡುತ್ತೇವೆ ಅನ್ನುತ್ತಾರೆ. ಏನು ಹೇಳಲಿ?

ಪಿಟಿ_ಮೇಷ್ಟ್ರು

ಇದಕ್ಕೆ ನರಗಳ ಕಡೆಯಿಂದ ಉತ್ತರ ಇದೆ. ಒಂದು ನರಕೋಶ ಮತ್ತು ಅದು ನಡೆಸುವ ಸ್ನಾಯು ನಾರುಗಳು ಸೇರಿ ಒಂದು ಮೋಟಾರ್ ಯೂನಿಟ್. ಎಲ್ವುಡ್ ಹೆನ್ನೆಮನ್ ಮತ್ತು ಜೊತೆಗಾರರು 1965ರಲ್ಲಿ ತೋರಿಸಿದ ಹಾಗೆ ಮೈ ಮೊದಲು ಚಿಕ್ಕ ಯೂನಿಟ್‌ಗಳನ್ನು ಕರೆಯುತ್ತದೆ. ಕೆಲಸ ಕಷ್ಟವಾದಷ್ಟೂ ದೊಡ್ಡವು ಬರುತ್ತವೆ. 2 ಕೆ.ಜಿ. ಹಿಡಿದು 15 ಸಲ ಆರಾಮಾಗಿ ಮಾಡಿ ಇಟ್ಟರೆ ದೊಡ್ಡ ಯೂನಿಟ್‌ಗಳಿಗೆ ಕರೆಯೇ ಹೋಗುವುದಿಲ್ಲ. ವಯಸ್ಸಾದಂತೆ ಮೊದಲು ಸೊರಗುವುದೂ ಅವೇ. ಭಾರ ಜಾಸ್ತಿ ಮಾಡಿ, ಅಥವಾ ಹಗುರವನ್ನೇ ಇನ್ನು ಆಗುವುದಿಲ್ಲ ಅನ್ನುವ ಹತ್ತಿರದವರೆಗೆ ಮಾಡಿಸಿ. ಎರಡೂ ನಡೆಯುತ್ತದೆ. ಮೊದಲ ಕೆಲವು ವಾರ ಬಲ ಬೇಗ ಏರುವುದು ಹೆಚ್ಚಾಗಿ ನರಗಳು ಕಲಿಯುವುದರಿಂದ. ಅಷ್ಟರಲ್ಲಿ ಯಾರ ತೋಳೂ ದಪ್ಪವಾಗುವುದಿಲ್ಲ ಅಂತ ಧೈರ್ಯ ಹೇಳಿ.

ಹಾಸನದ_ಹುಡುಗ

ಇವೆಲ್ಲವನ್ನೂ ನೋಟ್‌ಬುಕ್‌ಗೆ ಇಳಿಸುತ್ತಿದ್ದೇನೆ. ಇನ್ನೊಂದು ಗೊಂದಲ ಇದೆ. ಕ್ಲೈಂಟ್‌ಗಳು ಎಂಆರ್‌ಐ ರಿಪೋರ್ಟ್ ತಂದು ತೋರಿಸುತ್ತಾರೆ, ಡಿಸ್ಕ್ ಬಲ್ಜ್ ಇದೆ ಅಂತ. ನಾನು ಏನು ಮಾಡಬೇಕು?

ಫಿಸಿಯೋ_ಹುಬ್ಬಳ್ಳಿ

ರಿಪೋರ್ಟ್ ಓದಿ ಕಾಯಿಲೆ ಹೇಳುವುದು ಟ್ರೇನರ್ ಕೆಲಸ ಅಲ್ಲ. ಹೆದರಿಸುವುದಂತೂ ಅಲ್ಲವೇ ಅಲ್ಲ. 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೆನ್ನುನೋವೇ ಇಲ್ಲದ 20 ವರ್ಷದವರಲ್ಲಿ ಸುಮಾರು 30% ಜನರಿಗೆ ಡಿಸ್ಕ್ ಬಲ್ಜ್ ಕಂಡಿತ್ತು. 80 ವರ್ಷದವರಲ್ಲಿ 84%. ಹಾಗಾಗಿ "ಡಿಸ್ಕ್ ಹೋಗಿದೆ, ಇನ್ನು ಜೀವನದಲ್ಲಿ ಬಾಗಬೇಡಿ" ಅಂತ ಹೇಳಿ ಕಳಿಸುವುದು ಅನ್ಯಾಯ. ಅಂಥ ಮಾತು ಕೇಳಿ ವರ್ಷಗಟ್ಟಲೆ ಬಿಂದಿಗೆ ಎತ್ತದೆ, ಮೊಮ್ಮಕ್ಕಳನ್ನು ಎತ್ತಿಕೊಳ್ಳದೆ ಇದ್ದವರು ನನ್ನ ಬಳಿ ಬರುತ್ತಾರೆ. ಬೆನ್ನು ಇನ್ನಷ್ಟು ಸೋತಿರುತ್ತದೆ.

ನೋವು ಇರುವವರು ವೈದ್ಯರನ್ನೋ ಫಿಸಿಯೋವನ್ನೋ ನೋಡಿಕೊಂಡು ಬರಲಿ. ಏನು ಮಾಡಬಹುದು ಅಂತ ಅವರು ಬರೆದುಕೊಟ್ಟರೆ ಅಲ್ಲಿಂದ ನಿಧಾನವಾಗಿ ಬಲ ಕಟ್ಟುವುದು ನಿಮ್ಮ ಕೆಲಸ. ಕಾಲಿನ ಬಲ ಕುಸಿಯುತ್ತಿದೆ, ತೊಡೆಗಳ ಸಂದಿಯಲ್ಲಿ ಮರಗಟ್ಟಿದೆ, ಮೂತ್ರ ಮಲದ ಹಿಡಿತ ತಪ್ಪಿದೆ ಅಂದರೆ ಮಾತ್ರ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಕಳಿಸಿ.

ಹಾಸನದ_ಹುಡುಗ

ಸರ್, ನಿಮ್ಮ ಮೂರು ಪ್ರಶ್ನೆ ಇಟ್ಟುಕೊಂಡು ಲ್ಯಾಟ್ ಪುಲ್‌ಡೌನ್ (ತಲೆಯ ಮೇಲಿನ ಬಾರ್ ಕೆಳಗೆ ಎಳೆಯುವುದು) ಬರೆದಿದ್ದೇನೆ. ನೋಡಿ ಹೇಳುತ್ತೀರಾ?

ಭಾರ ಎಳೆಯುವುದು ಮೇಲಕ್ಕೆ. ಅದನ್ನು ಎದುರಿಸಿ ತೋಳು ಪಕ್ಕೆಯ ಕಡೆಗೆ ಇಳಿಯುತ್ತದೆ, ಭುಜದ ಹಲಗೆ ಕೆಳಗಿಳಿಯುತ್ತಾ ಕೆಳಮುಖವಾಗಿ ತಿರುಗುತ್ತದೆ, ಮೊಣಕೈ ಮಡಚುತ್ತದೆ. ತೋಳಿಗೆ ಲ್ಯಾಟಿಸಿಮಸ್ ಡಾರ್ಸಿ. ಹಲಗೆಗೆ ರಾಂಬಾಯ್ಡ್ ಮತ್ತು ಟ್ರಪೀಜಿಯಸ್‌ನ ಕೆಳಭಾಗ. ಮೊಣಕೈಗೆ ಬೈಸೆಪ್ಸ್, ಬ್ರೇಕಿಯಾಲಿಸ್. ಬಾರ್ ಮೇಲೆ ಹೋಗುವಾಗಲೂ ಇವೇ ಸ್ನಾಯುಗಳು ಉದ್ದವಾಗುತ್ತಾ ತಡೆಯುತ್ತವೆ, ಬೇರೆ ಸ್ನಾಯು ಬರುವುದಿಲ್ಲ.

ಫಿಸಿಯೋ_ಹುಬ್ಬಳ್ಳಿ

ಚೆನ್ನಾಗಿದೆ. ಲ್ಯಾಟ್ ಜೊತೆಗೆ ಟೆರಿಸ್ ಮೇಜರ್ ಸೇರಿಸಿ. ಟ್ರೈಸೆಪ್ಸ್‌ನ ಉದ್ದ ತಲೆ ಭುಜವನ್ನೂ ದಾಟುತ್ತದೆ, ತೋಳು ಇಳಿಸಲು ಅದೂ ಸಹಾಯ ಮಾಡುತ್ತದೆ. ಬಾರ್ ಕತ್ತಿನ ಹಿಂದೆ ಎಳೆದರೆ ಭುಜ ಎಷ್ಟು ಹೊರಕ್ಕೆ ತಿರುಗಬೇಕಾಗುತ್ತದೆ ಅಂತ ನಿಮ್ಮ ಭುಜದಲ್ಲೇ ಮಾಡಿ ನೋಡಿ. ಎಲ್ಲ ಕ್ಲೈಂಟ್‌ಗಳಿಗೂ ಅಷ್ಟು ತಿರುಗುವುದಿಲ್ಲ, ಅದಕ್ಕೇ ನಾನು ಎದೆಯ ಮುಂದೆ ಎಳೆಸುತ್ತೇನೆ. ಮುಂದಿನದು ಬೆಂಚ್ ಪ್ರೆಸ್ ಬರೆದು ಹಾಕಿ. ಅದರಲ್ಲಿ ಭುಜದ ಕೀಲಿನ ಸುತ್ತಲಿನ ರೊಟೇಟರ್ ಕಫ್‌ನ ನಾಲ್ಕು ಸ್ನಾಯು ಏನು ಮಾಡುತ್ತಿರುತ್ತವೆ ಅನ್ನುವುದನ್ನೂ ಬರೆಯಿರಿ.